ಮೈಸೂರು ದಸರಾ: ನಾಲ್ಕು ಜನ, ಎರಡು ದಿನ, 8,000 ರೂಪಾಯಿ. ಸಾಕಾಗುತ್ತಾ?

ದಾವಣಗೆರೆಯವಳು

ಎಲ್ಲರಿಗೂ ನಮಸ್ಕಾರ. ಈ ಸಲ ಏನೇ ಆಗಲಿ ಮೈಸೂರು ದಸರಾಗೆ ಹೋಗಲೇಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ಹೊರಡುವವರು ನಾನು, ನಮ್ಮತ್ತೆ (64 ವರ್ಷ, ಮಂಡಿನೋವು ಇದೆ), 11 ವರ್ಷದ ಮಗಳು, 7 ವರ್ಷದ ಮಗ. ನಮ್ಮವರಿಗೆ ರಜೆ ಸಿಗುವುದಿಲ್ಲ. ಓಡಾಟ, ಊಟ, ರೂಮು, ಮಕ್ಕಳ ಆಟ ಎಲ್ಲಾ ಸೇರಿ 8,000 ರೂಪಾಯಿ ಎತ್ತಿಟ್ಟಿದ್ದೇನೆ. ಅದಕ್ಕಿಂತ ಜಾಸ್ತಿ ಆಗುವುದಿಲ್ಲ.

ಆರು ವರ್ಷದ ಹಿಂದೆ ಒಂದು ಸಲ ಹೋಗಿದ್ದೆವು, ವಿಜಯದಶಮಿ ದಿನಕ್ಕೇ. ಮೊದಲೇ ರೂಮು ಮಾಡಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಲಾಡ್ಜಿನಲ್ಲಿ ಮಾಮೂಲಿಗಿಂತ ಮೂರು ಪಟ್ಟು ಕೇಳಿದರು, ಬೇರೆ ದಾರಿ ಇಲ್ಲದೆ ಕೊಟ್ಟೆವು. ಮಾರನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೆರವಣಿಗೆ ದಾರಿಗೆ ಹೋದರೆ ಮುಂದೆ ಏಳೆಂಟು ಸಾಲು ಜನ. ಸಂಜೆವರೆಗೆ ನಿಂತು ಕಂಡದ್ದು ಅಂಬಾರಿಯ ತುದಿ ಮಾತ್ರ. ಮಗಳು ಅಪ್ಪನ ಹೆಗಲ ಮೇಲೆ ಕೂತು ಅಳುತ್ತಿದ್ದಳು. ದುಡ್ಡೂ ಹೋಯಿತು, ಏನೂ ನೋಡಲಿಲ್ಲ ಅನ್ನುವ ಬೇಜಾರು ಇನ್ನೂ ಇದೆ.

ಅದಕ್ಕೇ ಮೈಸೂರಿನವರನ್ನು ಕೇಳುತ್ತಿದ್ದೇನೆ. ಎರಡು ದಿನ ಅಂದರೆ ಯಾವ ಎರಡು ದಿನ ಬರಬೇಕು? ಮೆರವಣಿಗೆ ಕೂತು ನೋಡುವುದಕ್ಕೆ ಗೋಲ್ಡ್ ಕಾರ್ಡ್ ಅಂತ ಒಂದು ಪಾಸು ಇದೆಯಲ್ಲ, ಅದು ನಮ್ಮಂಥವರಿಗೆ ಬೇಕಾ? ಅತ್ತೆಯವರು ಕೂತು ನೋಡುವಂಥದ್ದು ಏನಿದೆ? ಅವರು ದಸರಾ ಅಂತ ರೇಡಿಯೋದಲ್ಲಿ, ಟಿವಿಯಲ್ಲಿ ಮಾತ್ರ ಕೇಳಿದವರು, ನೋಡಿದವರು. ನನಗೆ ಅವರದ್ದೇ ಹೆಚ್ಚು ಆಸೆ.

ಒಂಟಿಕೊಪ್ಪಲಿನಿಂದ

ಅಕ್ಕಾ, ಮೊದಲನೇ ಮಾತು: ವಿಜಯದಶಮಿಗೆ ಬರಬೇಡಿ. ಕಡಿಮೆ ದುಡ್ಡಲ್ಲಿ ದಸರಾ ನೋಡಬೇಕು ಅನ್ನುವ ಎಲ್ಲರಿಗೂ ನಾನು ಹೇಳುವುದು ಇದನ್ನೇ. ಜನ ದಸರಾ ಅಂದರೆ ಆ ಒಂದು ಮಧ್ಯಾಹ್ನ ಅಂದುಕೊಂಡಿದ್ದಾರೆ. ಹಬ್ಬ ಇರುವುದು ಅದರ ಹಿಂದಿನ ಒಂಬತ್ತು ರಾತ್ರಿಗಳಲ್ಲಿ. ಆ ಒಂಬತ್ತೂ ರಾತ್ರಿ ಬಹುಪಾಲು ಬಿಟ್ಟಿ.

ನವರಾತ್ರಿಯ ಮೂರನೇ ದಿನದಿಂದ ಆರನೇ ದಿನದ ಒಳಗೆ, ಶನಿವಾರ ಭಾನುವಾರ ಬಿಟ್ಟು ಎರಡು ದಿನ ಹಿಡಿಯಿರಿ. ಆಯುಧಪೂಜೆ, ವಿಜಯದಶಮಿ ಹತ್ತಿರ ಬಂದ ಹಾಗೆ ರೂಮಿನ ಬಾಡಿಗೆ ಏರುತ್ತದೆ, ಆಟೋದವರ ಬಾಯಿಯೂ ಏರುತ್ತದೆ. ಅರಮನೆ ಒಳಗೆ ಹೋಗುವ ಆಸೆ ಇದ್ದರೆ ಅದಕ್ಕೂ ನಡುವಿನ ದಿನಗಳೇ ಒಳ್ಳೆಯದು. ಮೊದಲ ದಿನ, ಆಯುಧಪೂಜೆ ದಿನ, ವಿಜಯದಶಮಿ ದಿನ ಒಳಗೆ ರಾಜಮನೆತನದ ಪೂಜೆ, ಖಾಸಗಿ ದರ್ಬಾರು ಅಂತ ಪ್ರವಾಸಿಗರನ್ನು ಬಿಡುವುದು ಕಡಿಮೆ.

ದಾವಣಗೆರೆಯಿಂದ ಹಾಸನದ ಮೇಲೆ ಬರುವ ರಾತ್ರಿ ರೈಲು ಇದೆ. ಈಗಲೇ ಸ್ಲೀಪರ್ ಬುಕ್ ಮಾಡಿ. ರಾತ್ರಿ ರೈಲಿನಲ್ಲೇ ಮಲಗಿದರೆ ಒಂದು ರಾತ್ರಿಯ ರೂಮಿನ ದುಡ್ಡು ಉಳಿಯಿತು, ವಾಪಸ್ ಹೋಗುವಾಗಲೂ ರಾತ್ರಿ ರೈಲೇ ಹಿಡಿದರೆ ನಿಮಗೆ ಬೇಕಾಗುವುದು ನಡುವಿನ ಒಂದೇ ರಾತ್ರಿ ರೂಮು. ಅದನ್ನೂ ಅರಮನೆ ಸುತ್ತಮುತ್ತ ಹುಡುಕಬೇಡಿ. ಸರಸ್ವತಿಪುರಂ, ಕುವೆಂಪುನಗರ ಕಡೆ ನೋಡಿ, ಸಿಟಿ ಬಸ್ ಚೆನ್ನಾಗಿದೆ. ಎಷ್ಟು ಬಾಡಿಗೆ ಅಂತ ಫೋನಿನಲ್ಲಿ ಕೇಳಿ ಬಿಟ್ಟುಬಿಡಬೇಡಿ. ದಿನ, ಬಾಡಿಗೆ ಎರಡನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಈಗ ಅತ್ತೆಯವರ ವಿಷಯ. ನವರಾತ್ರಿಯಲ್ಲಿ ದಿನಾ ಸಂಜೆ ಅರಮನೆ ಮುಂದೆ ದೊಡ್ಡ ವೇದಿಕೆ ಹಾಕಿ ಸಂಗೀತ, ನೃತ್ಯ ನಡೆಸುತ್ತಾರೆ. ದೇಶದ ದೊಡ್ಡ ದೊಡ್ಡ ಕಲಾವಿದರು ಬಂದು ಹಾಡುತ್ತಾರೆ, ನುಡಿಸುತ್ತಾರೆ. ಟಿಕೆಟ್ ಇಲ್ಲ. ಕುರ್ಚಿ ಹಾಕಿರುತ್ತಾರೆ. ಮುಂದಿನ ಸಾಲು ಪಾಸಿನವರಿಗೆ, ಹಿಂದಿನದು ನಮಗೆ. ಐದೂವರೆ ಒಳಗೆ ಹೋದರೆ ಜಾಗ ಸಿಗುತ್ತದೆ, ಆರೂವರೆಗೆ ಹೋದರೆ ನಿಲ್ಲಬೇಕು. ಸಂಜೆ ಏಳರ ಹೊತ್ತಿಗೆ ಅರಮನೆಯ ದೀಪ ಹತ್ತುತ್ತದೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು, ಎಲ್ಲಾ ಒಂದೇ ಸಲಕ್ಕೆ. ನಾನು ಇದೇ ಊರಲ್ಲಿ ಹುಟ್ಟಿದವನು, ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ, ಆದರೂ ಆ ಕ್ಷಣದಲ್ಲಿ ಸುತ್ತಲಿನ ಜನ ಒಟ್ಟಿಗೆ "ಆಹಾ" ಅನ್ನುವಾಗ ಈಗಲೂ ಮೈ ಜುಂ ಅನ್ನುತ್ತದೆ. ಅತ್ತೆಯವರನ್ನು ಆ ಹೊತ್ತಿಗೆ ಅರಮನೆ ಎದುರು ಕೂರಿಸಿ. ಬೇರೆ ಏನೂ ನೋಡದೇ ಹೋದರೂ ಅವರು ದಸರಾ ನೋಡಿದ ಹಾಗೆಯೇ.

ಅರಮನೆಯ ಗದ್ದಲ ಬೇಡ ಅನಿಸಿದರೆ ಜಗನ್ಮೋಹನ ಅರಮನೆ, ಕಲಾಮಂದಿರ, ಗಾನಭಾರತಿ, ಚಿಕ್ಕ ಗಡಿಯಾರದ ಹತ್ತಿರದ ವೇದಿಕೆ, ಹೀಗೆ ಊರೆಲ್ಲಾ ಕಾರ್ಯಕ್ರಮ ಇರುತ್ತದೆ. ನಾಟಕ, ಸುಗಮ ಸಂಗೀತ, ಜಾನಪದ. ಅಲ್ಲಿ ಜನ ಕಡಿಮೆ, ಕುರ್ಚಿ ಜಾಸ್ತಿ.

ಗೋಲ್ಡ್ ಕಾರ್ಡಿಗೆ ಸಾವಿರಾರು ರೂಪಾಯಿ, ಅದೂ ತಲೆಗೆ ಒಂದರಂತೆ. ನಿಮ್ಮ ಲೆಕ್ಕಕ್ಕೆ ಅದು ಬೇಡವೇ ಬೇಡ.

ಗಂಗೋತ್ರಿ ಹಾಸ್ಟೆಲ್

ಅಂಬಾರಿ ಹೊರುವ ಆನೆಯನ್ನು ಮಕ್ಕಳಿಗೆ ಹತ್ತಿರದಿಂದ ತೋರಿಸಬೇಕಾ ಮೇಡಂ? ಹಾಗಿದ್ದರೆ ತಾಲೀಮು ನೋಡಿ. ಇದನ್ನು ಹೊರಗಿನಿಂದ ಬರುವವರಿಗೆ ಯಾರೂ ಹೇಳುವುದೇ ಇಲ್ಲ.

ದಸರಾ ಆನೆಗಳು ಕಾಡಿನ ಶಿಬಿರಗಳಿಂದ ಆಗಸ್ಟ್ ಹೊತ್ತಿಗೇ ಬಂದುಬಿಡುತ್ತವೆ, ವೀರನಹೊಸಹಳ್ಳಿಯಲ್ಲಿ ಪೂಜೆ ಮಾಡಿ ಗಜಪಯಣ ಅಂತ ಕಳಿಸುತ್ತಾರೆ. ಆಮೇಲೆ ದಿನಾ ಬೆಳಿಗ್ಗೆ, ಸಂಜೆ ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಸುತ್ತಾರೆ. ಜಂಬೂಸವಾರಿ ಹೋಗುವ ಅದೇ ಐದು ಕಿಲೋಮೀಟರ್ ದಾರಿ. ಅಂಬಾರಿಯ ತೂಕ 750 ಕಿಲೋ ಅಲ್ವಾ, ಅದನ್ನು ಒಮ್ಮೆಲೇ ಹೊರಿಸುವುದಕ್ಕೆ ಆಗುವುದಿಲ್ಲ. ಮೊದಲು ಬರಿಮೈಯಲ್ಲಿ ನಡಿಗೆ, ಆಮೇಲೆ ಮರಳಿನ ಮೂಟೆ, ದಿನ ಕಳೆದಂತೆ ತೂಕ ಏರಿಸುತ್ತಾ ಕೊನೆಗೆ ಮರದ ಅಂಬಾರಿ. ಕುಶಾಲತೋಪಿನ ಸದ್ದಿಗೆ ಬೆಚ್ಚಬಾರದು ಅಂತ ಫಿರಂಗಿ ಹಾರಿಸಿಯೂ ಅಭ್ಯಾಸ ಮಾಡಿಸುತ್ತಾರೆ. ಬೆಳಗಿನ ತಾಲೀಮಿನಲ್ಲಿ ಅಭಿಮನ್ಯು ನಮ್ಮ ಮುಂದೆ ಹತ್ತಡಿ ದೂರದಲ್ಲಿ ಹೋದದ್ದನ್ನು ನಾನು ಫುಟ್‌ಪಾತ್ ಮೇಲೆ ಚಹಾ ಹಿಡಿದು ನೋಡಿದ್ದೇನೆ. 2020ರಿಂದ ಅವನೇ ಅಂಬಾರಿ ಹೊತ್ತವನು. ಅಷ್ಟು ದೊಡ್ಡ ಜೀವ ನಡೆದರೂ ಹೆಜ್ಜೆ ಸದ್ದೇ ಇರುವುದಿಲ್ಲ, ಗಂಟೆ ಸದ್ದು ಮಾತ್ರ. ವಿಜಯದಶಮಿ ದಿನ ಲಕ್ಷಾಂತರ ಜನರ ನಡುವೆ ಇದು ಸಿಗುವುದಿಲ್ಲ.

ನವರಾತ್ರಿಗೆ ಸ್ವಲ್ಪ ಮೊದಲು ಬಂದರೆ ಬೆಳಿಗ್ಗೆ ಸಂಜೆ ಎರಡೂ ನೋಡಬಹುದು. ನವರಾತ್ರಿ ಶುರುವಾದ ಮೇಲೆ ಹೊತ್ತು ಬದಲಾಗುತ್ತಿರುತ್ತದೆ, ಹಿಂದಿನ ದಿನ ಅರಮನೆ ಹತ್ತಿರದ ಪೊಲೀಸರನ್ನೋ ಹೂವಿನವರನ್ನೋ ಕೇಳಿ. ಒಂದು ಮಾತು: ಸೆಲ್ಫಿಗೆ ಅಂತ ಹತ್ತಿರ ಹೋಗಬೇಡಿ, ಬಾಳೆಹಣ್ಣು ಕೊಡಬೇಡಿ, ಮಗನ ಕೈ ಬಿಡಬೇಡಿ. ಮಾವುತರು, ಕಾವಾಡಿಗಳು ಅವುಗಳ ಜೊತೆ ಹಗಲು ರಾತ್ರಿ ಇರುತ್ತಾರೆ, ಅವರು ಹಿಂದೆ ಸರಿಯಿರಿ ಅಂದರೆ ತಕ್ಷಣ ಸರಿಯಿರಿ.

ಮೊದಲೇ ಬರುವುದಾದರೆ ಯುವ ಸಂಭ್ರಮವೂ ಸಿಗುತ್ತದೆ. ನಮ್ಮ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ರಾಜ್ಯದ ಬೇರೆ ಬೇರೆ ಕಾಲೇಜಿನ ಹುಡುಗ ಹುಡುಗಿಯರು ಕುಣಿಯುತ್ತಾರೆ. ಬಿಟ್ಟಿ. ಆದರೆ ಭಾರಿ ಗದ್ದಲ, ಅತ್ತೆಯವರಿಗೆ ಆಗುವುದಿಲ್ಲ, ಮಗಳಿಗೆ ತುಂಬಾ ಇಷ್ಟ ಆಗುತ್ತದೆ. ಯುವ ದಸರಾ ಬೇರೆ. ಅಲ್ಲಿ ಸಿನಿಮಾ ಗಾಯಕರು ಬರುತ್ತಾರೆ, 2024ರಿಂದ ಊರ ಹೊರಗೆ ಉತ್ತನಹಳ್ಳಿ ಹತ್ತಿರ ಮಾಡುತ್ತಿದ್ದಾರೆ, ರಾತ್ರಿ ವಾಪಸ್ ಬರುವುದು ಕಷ್ಟ. ಚಿಕ್ಕ ಮಕ್ಕಳಿದ್ದರೆ ಬಿಡಿ.

ನಜರ್‌ಬಾದ್ ಮನೆ

ತಂಗೀ, ಬಸ್ಸಿನ ಖರ್ಚು ಅಂತ ಲೆಕ್ಕದಲ್ಲಿ ಹಾಕಿದ್ದೀಯಾ? ನೀನು, ಅತ್ತೆ, ಮಗಳು ಮೂವರಿಗೂ ಸಿಟಿ ಬಸ್ ಬಿಟ್ಟಿ, ಶಕ್ತಿ ಯೋಜನೆ ಇದೆಯಲ್ಲ. ಆಧಾರ್ ಕಾರ್ಡ್ ಎಲ್ಲರದ್ದೂ ಪರ್ಸಿನಲ್ಲಿ ಇರಲಿ. ಮಗನಿಗೆ ಮಾತ್ರ ಅರ್ಧ ಟಿಕೆಟ್. ಸಾಮಾನ್ಯ ಬಸ್ಸೇ ಹತ್ತಬೇಕು, ಏಸಿ ಬಸ್ಸಿಗೆ ಅದು ನಡೆಯುವುದಿಲ್ಲ. ಸಂಜೆ ಅರಮನೆ ಸುತ್ತಿನ ರಸ್ತೆಗಳಲ್ಲಿ ಗಾಡಿಗಳನ್ನು ತಡೆಯುತ್ತಾರೆ, ಆಗ ಆಟೋಗೆ ಎಷ್ಟು ಕೊಟ್ಟರೂ ಸುತ್ತಿಕೊಂಡೇ ಹೋಗಬೇಕು. ಹಾಗಾಗಿ ಸಂಜೆಯ ಜಾಗಕ್ಕೆ ಮಧ್ಯಾಹ್ನವೇ ಸೇರಿಕೊಂಡುಬಿಡು.

ಚಾಮುಂಡಿ ಬೆಟ್ಟಕ್ಕೆ ಸಿಟಿ ಬಸ್ ಸ್ಟ್ಯಾಂಡಿನಿಂದ ನೇರ ಬಸ್ ಇದೆ. ಸಾವಿರ ಮೆಟ್ಟಿಲು ಅತ್ತೆಗೆ ಬೇಡ. ನವರಾತ್ರಿಯಲ್ಲಿ ದರ್ಶನದ ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಬೇಕು. ತಾಯಿಯ ದರ್ಶನವೇ ಅತ್ತೆಗೆ ಮುಖ್ಯ ಅನ್ನುವುದಾದರೆ ಇನ್ನೊಂದು ದಾರಿ ಇದೆ. ವಿಜಯದಶಮಿ ಕಳೆದು ಹುಣ್ಣಿಮೆ ಹೊತ್ತಿಗೆ ಬೆಟ್ಟದ ಮೇಲೆ ರಥೋತ್ಸವ, ಅದಾದ ಮೇಲೆ ದೇವಿಕೆರೆಯಲ್ಲಿ ತೆಪ್ಪೋತ್ಸವ. ಊರಿಗೆ ಬಂದ ಪ್ರವಾಸಿಗರೆಲ್ಲಾ ಅಷ್ಟರಲ್ಲಿ ಹೋಗಿರುತ್ತಾರೆ, ರೂಮಿನ ಬಾಡಿಗೆ ಇಳಿದಿರುತ್ತದೆ. ನಮ್ಮ ಮನೆಯವರಿಗೆಲ್ಲಾ ಅದೇ ನಿಜವಾದ ಹಬ್ಬ.

ಊಟಕ್ಕೆ ಆಹಾರ ಮೇಳ ಚೆನ್ನಾಗಿರುತ್ತದೆ, ಆದರೆ ಎಲ್ಲರೂ ಹೊಟ್ಟೆ ಹಸಿದುಕೊಂಡು ಹೋದರೆ ದುಡ್ಡು ನೀರಿನ ಹಾಗೆ ಹೋಗುತ್ತದೆ. ಮಧ್ಯಾಹ್ನ ಯಾವುದಾದರೂ ದರ್ಶಿನಿಯಲ್ಲಿ ಊಟ ಮುಗಿಸಿ, ಮೇಳದಲ್ಲಿ ಬೇರೆ ಕಡೆ ಸಿಗದ್ದನ್ನು ಮಾತ್ರ ಒಂದೊಂದು ತಟ್ಟೆ ತೆಗೆದುಕೊಂಡು ಹಂಚಿಕೊಂಡು ತಿನ್ನಿ. ಹಾಡಿಯವರು ಬಿದಿರಿನ ಬೊಂಬಿನಲ್ಲಿ ತುಂಬಿ ಕೆಂಡದ ಮೇಲೆ ಬೇಯಿಸುವ ಬೊಂಬು ಬಿರಿಯಾನಿ ಅಲ್ಲೇ ತಿನ್ನಬೇಕು, ಸಾಲು ಇರುತ್ತದೆ, ಕಾಯಬಹುದು. ಮಾಂಸ ತಿನ್ನದವರಿಗೆ ಉತ್ತರ ಕರ್ನಾಟಕದ ರೊಟ್ಟಿ, ಎಣ್ಣೆಗಾಯಿ ಇದ್ದೇ ಇರುತ್ತದೆ, ಆದರೆ ದಾವಣಗೆರೆಯವರಿಗೆ ಅದೇನು ಹೊಸದಲ್ಲ ಬಿಡು.

ದುಡ್ಡು ಹೋಗುವ ನಿಜವಾದ ಜಾಗ ವಸ್ತುಪ್ರದರ್ಶನ. ಒಳಗೆ ಹೋಗಲು ಟಿಕೆಟ್ ಕಡಿಮೆಯೇ, ಒಳಗಿನ ಜೈಂಟ್ ವೀಲು, ತೊಟ್ಟಿಲು, ಮಂಜಿನ ಮನೆ ಎಲ್ಲಕ್ಕೂ ಬೇರೆ ಬೇರೆ ಟಿಕೆಟ್. ಹೋಗುವ ಮೊದಲೇ ಒಬ್ಬೊಬ್ಬರಿಗೆ ಎರಡು ಆಟ ಅಂತ ಮಕ್ಕಳ ಜೊತೆ ಮಾತು ಮಾಡಿಕೊ. ಅವರ ಕೈಗೇ ದುಡ್ಡು ಕೊಟ್ಟುಬಿಡು, ಆಗ ಅವರೇ ಯೋಚಿಸಿ ಖರ್ಚು ಮಾಡುತ್ತಾರೆ, ನಾನು ನನ್ನ ಮೊಮ್ಮಕ್ಕಳಿಗೆ ಹಾಗೇ ಮಾಡುವುದು. ಮತ್ತೆ ಅದು ಹತ್ತು ದಿನಕ್ಕೆ ಮುಗಿಯುವುದಲ್ಲ, ಮೂರು ತಿಂಗಳು ನಡೆಯುತ್ತದೆ. ಈ ಸಲ ಆಗದಿದ್ದರೆ ಕ್ರಿಸ್‌ಮಸ್ ರಜೆಗೂ ಬರಬಹುದು.

ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನವನ್ನೂ ಮರೆಯಬೇಡ. ಟಿಕೆಟ್ ಇದೆ, ದೊಡ್ಡದೇನಲ್ಲ. ನಿಧಾನವಾಗಿ ನಡೆದು, ಬೆಂಚಿನ ಮೇಲೆ ಕೂತು ನೋಡುವಂಥ ಜಾಗ. ಮತ್ತೆ ಹಳೆಯ ಬಡಾವಣೆಗಳ ಮನೆಗಳಲ್ಲಿ ಗೊಂಬೆ ಕೂರಿಸಿರುತ್ತಾರೆ. ಬಾಗಿಲು ತೆರೆದಿದ್ದರೆ "ಗೊಂಬೆ ನೋಡಬಹುದಾ" ಅಂತ ಕೇಳು. ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಯಾರೂ ಇಲ್ಲ ಅನ್ನುವುದಿಲ್ಲ, ಕೈಗೆ ಚರ್ಪು, ಅಂದರೆ ಗೊಂಬೆಯ ಮುಂದೆ ಹಂಚುವ ತಿಂಡಿ, ಕೊಟ್ಟೇ ಕಳಿಸುತ್ತಾರೆ. ಪಟ್ಟದ ಗೊಂಬೆ ಯಾವುದು ಅಂತ ಮಗಳು ಕೇಳಲಿ, ಆ ಮನೆಯ ಅಜ್ಜಿ ಅರ್ಧ ಗಂಟೆ ಕತೆ ಹೇಳುತ್ತಾರೆ.

ಬನ್ನಿಮಂಟಪದ ಕಡೆಯವನು

ಎಲ್ಲರೂ ಹೇಳಿದ್ದು ಸರಿ, ಆದರೆ ವಿಜಯದಶಮಿಗೆ ಬರಲೇಬೇಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಜೀವನದಲ್ಲಿ ಒಂದು ಸಲ ಆ ಜನಸಾಗರದ ನಡುವೆ ನಿಂತು ನೋಡಬೇಕು. ಡೊಳ್ಳು, ಕಂಸಾಳೆ, ವೀರಗಾಸೆ, ಜಿಲ್ಲೆ ಜಿಲ್ಲೆಯ ಸ್ತಬ್ಧಚಿತ್ರ, ಕೊನೆಯಲ್ಲಿ ತಾಯಿ ಅಂಬಾರಿ ಮೇಲೆ ಬರುವಾಗ ಪಕ್ಕದಲ್ಲಿದ್ದ ಗುರುತೇ ಇಲ್ಲದವರು ಕೈ ಮುಗಿದು ಕಣ್ಣೀರು ಹಾಕುವುದನ್ನು ನಾನು ನೋಡಿದ್ದೇನೆ. ತಾಲೀಮಿನಲ್ಲಿ ಆನೆ ಸಿಗುತ್ತದೆ, ಇದು ಸಿಗುವುದಿಲ್ಲ.

ಈ ಸಲ ಅತ್ತೆಯವರ ಜೊತೆ ಬೇಡ, ಅದನ್ನು ಒಪ್ಪುತ್ತೇನೆ. ಮುಂದೆ ಯಾವಾಗಲಾದರೂ ನಿಮ್ಮವರ ಜೊತೆ ಬಂದರೆ ಹೀಗೆ ಮಾಡಿ. ಅರಮನೆ, ಕೆ.ಆರ್. ವೃತ್ತದ ಹತ್ತಿರ ನಿಲ್ಲುವ ಆಸೆ ಬಿಡಿ. ಆಯುರ್ವೇದ ಆಸ್ಪತ್ರೆ ವೃತ್ತ ದಾಟಿ, ಬಂಬೂ ಬಜಾರ್, ಹೈವೇ ವೃತ್ತದ ಕಡೆ ಬನ್ನಿ. ಒತ್ತಡ ಸ್ವಲ್ಪ ಕಡಿಮೆ. ಬೆಳಿಗ್ಗೆ ಒಂಬತ್ತಕ್ಕೇ ಬಂದು ಚಾಪೆ ಹಾಸಿ ಕೂರಬೇಕು, ಬುತ್ತಿ, ನೀರು, ಟೋಪಿ ಜೊತೆಗಿರಬೇಕು. ಮಕ್ಕಳ ಜೇಬಿನಲ್ಲಿ ಹೆಸರು, ಫೋನ್ ನಂಬರ್ ಬರೆದ ಚೀಟಿ. ಏನೇ ಆದರೂ ಹಳೆಯ ಕಟ್ಟಡದ ಮೇಲೆ, ಸಜ್ಜಾದ ಮೇಲೆ ಹತ್ತಬೇಡಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮೆರವಣಿಗೆ ದಾರಿಯ ಪಕ್ಕದಲ್ಲೇ ಇರುವ ಕಟ್ಟಡಗಳು. ಪೊಲೀಸರು ಬೇಡ ಅಂದರೂ ಪ್ರತಿ ವರ್ಷ ಜನ ಹಳೆಯ ಕಟ್ಟಡ ಹತ್ತುತ್ತಾರೆ, ನನಗೆ ಎದೆ ಹೊಡೆದುಕೊಳ್ಳುತ್ತದೆ.

ರಾತ್ರಿ ನಮ್ಮ ಮೈದಾನದಲ್ಲಿ ಪಂಜಿನ ಕವಾಯತು. ಅದಕ್ಕೆ ಪಾಸು ಬೇಕು. ಹಿಂದಿನ ದಿನದ ತಾಲೀಮಿಗೆ ಜನರನ್ನು ಬಿಟ್ಟ ವರ್ಷಗಳಿವೆ, ವಿಚಾರಿಸಿ ಬನ್ನಿ.

ದಾವಣಗೆರೆಯವಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಎಲ್ಲವನ್ನೂ ಅತ್ತೆಗೆ ಜೋರಾಗಿ ಓದಿ ಹೇಳಿದೆ. ಗೊಂಬೆ ಮನೆ ವಿಷಯಕ್ಕೆ ಅವರು ತಮ್ಮ ತವರಿನ ಗೊಂಬೆಗಳನ್ನು ನೆನೆಸಿಕೊಂಡು ಬಹಳ ಹೊತ್ತು ಮಾತಾಡಿದರು.

ನಾಲ್ಕನೇ, ಐದನೇ ದಿನ ಅಂತ ಮಾಡಿದ್ದೇವೆ. ರೈಲು ಎರಡೂ ಕಡೆ ರಾತ್ರಿಯದೇ ಬುಕ್ ಆಯಿತು. ಸರಸ್ವತಿಪುರಂ ಕಡೆ ಒಂದು ರೂಮು ಮಾತಾಡಿದೆ, ಬಾಡಿಗೆ ಬರೆಸಿಕೊಂಡೂ ಆಯಿತು. ಟಿಕೆಟ್, ರೂಮು ಕಳೆದರೆ ಕೈಯಲ್ಲಿ ಸುಮಾರು 4,500 ಉಳಿಯುತ್ತದೆ. ಅದರಲ್ಲಿ ಮಕ್ಕಳಿಗೆ ತಲಾ 300 ಅವರ ಕೈಗೇ. ಮೊದಲ ಸಂಜೆ ಅರಮನೆ, ಎರಡನೇ ದಿನ ಪಾರ್ಕು, ಆಹಾರ ಮೇಳ, ಸಂಜೆ ಜಗನ್ಮೋಹನ. ಬೆಟ್ಟಕ್ಕೆ ಅತ್ತೆಯೇ ಬೇಡ ಅಂದರು, ರಥೋತ್ಸವಕ್ಕೆ ಮುಂದಿನ ವರ್ಷ ತಮ್ಮ ಮಗನನ್ನೂ (ನಮ್ಮವರನ್ನು) ಕರೆದುಕೊಂಡು ಹೋಗೋಣ ಅಂದರು.

ಒಂದೇ ಪ್ರಶ್ನೆ ಉಳಿದಿದೆ. ರೈಲು ಬೆಳಿಗ್ಗೆ ಬಂದು ನಿಲ್ಲುತ್ತದೆ, ರೂಮು ಕೊಡುವುದು ಮಧ್ಯಾಹ್ನ ಹನ್ನೆರಡಕ್ಕೆ. ಅಲ್ಲಿಯವರೆಗೆ ತಾಲೀಮು ನೋಡುವುದಕ್ಕೆ ಆಗುತ್ತದಾ, ಚೀಲ ಎಲ್ಲಿ ಇಡುವುದು?

ಗಂಗೋತ್ರಿ ಹಾಸ್ಟೆಲ್

ಆಗುತ್ತದೆ ಮೇಡಂ. ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಚೀಲ ಇಡಿ, ಬೀಗ ಇರುವ ಚೀಲವನ್ನೇ ತೆಗೆದುಕೊಳ್ಳುತ್ತಾರೆ, ಒಂದು ಸಣ್ಣ ಬೀಗ ತನ್ನಿ. ಅಲ್ಲೇ ಮುಖ ತೊಳೆದುಕೊಂಡು ಇರ್ವಿನ್ ರಸ್ತೆ ಹಿಡಿದರೆ ಸಯ್ಯಾಜಿರಾವ್ ರಸ್ತೆ ದೂರವಿಲ್ಲ, ಅತ್ತೆಯವರಿಗೆ ಆಟೋ ಮಾಡಿ. ಆನೆಗಳು ಬನ್ನಿಮಂಟಪಕ್ಕೆ ಹೋಗುವಾಗ ತಪ್ಪಿದರೂ ವಾಪಸ್ ಬರುವಾಗ ಅದೇ ದಾರಿಯಲ್ಲಿ ಸಿಗುತ್ತವೆ. ಅತ್ತೆಯವರಿಗೆ ಒಂದು ಮಡಿಸುವ ಸ್ಟೂಲ್ ತಂದುಬಿಡಿ, ಎರಡು ದಿನವೂ ಕೆಲಸಕ್ಕೆ ಬರುತ್ತದೆ.