ಬಗ್ಗುವ ಎಲೆಕ್ಟ್ರೋಡಿಗೆ ಏನನ್ನೋಣ? ನಾಳೆಯೇ ಬೇಕು

ಬಳ್ಳಾರಿಯಿಂದ:
ಮಿತ್ರರೇ, ಶಾಲೆಯ ವಿಜ್ಞಾನ ಮೇಳಕ್ಕೆ ಬೋರ್ಡು ಬರೆಸಬೇಕು, ಪೇಂಟರ್ ಬೆಳಗ್ಗೆ ಬರುತ್ತಾನೆ. ವಿಷಯ ಇದು: ಮಿದುಳಿನ ಮೇಲೋ ನರದ ಸುತ್ತಲೋ ಕೂರಿಸುವ, ಕೂದಲಿಗಿಂತ ತೆಳುವಾದ ಪಾಲಿಇಮೈಡ್ ಎಂಬ ಪ್ಲಾಸ್ಟಿಕ್ಕಿನ ಪೊರೆ, ಅದರಲ್ಲಿ ಚಿನ್ನದ ಇಲ್ಲವೇ ಪ್ಲಾಟಿನಂ ಗೆರೆಗಳು. ನರದ ಸಂಕೇತ ಹಿಡಿಯುವುದೂ ಅದೇ, ಸಣ್ಣಗೆ ಕರೆಂಟ್ ಕೊಟ್ಟು ನರವನ್ನು ಕೆರಳಿಸುವುದೂ ಅದೇ. ಮಿದುಳು ಮೆತ್ತಗಿರುತ್ತದೆ, ಉಸಿರಾಟಕ್ಕೂ ಅಲುಗುತ್ತದೆ. ಗಟ್ಟಿ ಸೂಜಿ ಇಟ್ಟರೆ ಸುತ್ತ ಗಾಯ ಮಾಗಿದ ಹಾಗೆ ಕಲೆ ಕಟ್ಟಿಕೊಂಡು ಸಂಕೇತ ಮಂಕಾಗುತ್ತದೆ, ಅದಕ್ಕೇ ಬಗ್ಗುವಂಥದ್ದು. 'ನಮ್ಯ ಅಂತರ್ನಿವೇಶಿತ ವಿದ್ಯುದಗ್ರ' ಎಂದು ಬರೆದಿಟ್ಟೆ. ಮಗಳು ಓದಿ ನಕ್ಕಳು.

ಕೊಪ್ಪಳದಿಂದ:
ನಗದೆ ಇನ್ನೇನು? ವಿದ್ಯುದಗ್ರ ತಪ್ಪು. 1834ರಲ್ಲಿ ವಿಜ್ಞಾನಿ ಫ್ಯಾರಡೆ ಬಳಕೆಗೆ ತಂದ 'ಎಲೆಕ್ಟ್ರೋಡ್' ಪದದಲ್ಲಿ 'ಓಡ್' ಅಂದರೆ ಗ್ರೀಕಿನ 'ಹೊಡೋಸ್', ದಾರಿ. ತುದಿ ಅಲ್ಲ. ಪೊರೆಗೆ ಅಗ್ರ ಎಲ್ಲಿಂದ ಬಂತು? 'ಮಿಂಚುದಾರಿ' ಎನ್ನಿ. ಒಳಗೆ ಕೂರಿಸುವುದಕ್ಕೆ 'ಕಸಿ' ಎಂದೂ ಬರೆಯಬೇಡಿ, ಕಸಿ ಏನಿದ್ದರೂ ಮಾವಿನ ಗಿಡಕ್ಕೆ.

ರಾಯಚೂರಿನಿಂದ:
ಮಿಂಚುದಾರಿಯಂತೆ! ಸಿಡಿಲು ಬಡಿಯೋ ಜಾಗ ಅಂದುಕೊಳ್ಳುತ್ತಾರೆ. ಗ್ರೀಕಿನಲ್ಲಿ 'ಎಲೆಕ್ಟ್ರಾನ್' ಅಂದರೆ ಅಂಬರ್, ಗಟ್ಟಿಯಾದ ಮರದಂಟು. ಹಾಗಾದರೆ 'ಅಂಟುದಾರಿ' ಅನ್ನೋಣವೇ? ಕಿವಿ ಕೇಳದವರ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟಿನಲ್ಲಿ ಇರುವುದೂ ಇಂಥ ಬಗ್ಗುವ ಎಲೆಕ್ಟ್ರೋಡ್ ಸಾಲೇ. ನಮ್ಮ ಓಣಿಯ ಹುಡುಗನಿಗೆ ಹಾಕಿಸಿದ್ದಾರೆ, ಅವನ ತಾಯಿ 'ಕಿವಿ ಮಷೀನು' ಅಂತಾಳೆ, ಮುಗೀತು.
ನಿಜವಾದ ತೊಡಕು 'ನರ'. ಮೊನ್ನೆ ನಮ್ಮ ಅತ್ತೆಗೆ ಡ್ರಿಪ್ ಹಚ್ಚುವಾಗ ನರ್ಸು ಮೂರು ಕಡೆ ಚುಚ್ಚಿ, ಅಂಗೈ ತಟ್ಟಿ ತಟ್ಟಿ, 'ನರ ಸಿಗವಲ್ದು' ಎಂದಳು. ಅವಳು ಹುಡುಕುತ್ತಿದ್ದದ್ದು ರಕ್ತನಾಳ! ಬೋರ್ಡಿನಲ್ಲಿ ಬರೀ ನರ ಅಂತಿದ್ದರೆ ಜನ ಅದನ್ನೇ ತಿಳಿಯುತ್ತಾರೆ. ಪಕ್ಕದಲ್ಲಿ 'ಮಿದುಳು' ಇರಲಿ.

ಕೊಪ್ಪಳದಿಂದ:
ಎಲ್ಲವನ್ನೂ ಎರವಲು ತಂದರೆ ಕನ್ನಡ ಅಂತ ಉಳಿಯುವುದೇನು?

ರಾಯಚೂರಿನಿಂದ:
ನೀವೂ ನಾವೂ ನಿಜಾಮರ ಕಾಲದಿಂದ ದವಾಖಾನೆ ಅನ್ನುತ್ತೇವೆ, ಮದ್ರಾಸಿಗೆ ಸೇರಿದ್ದ ಬಳ್ಳಾರಿಯವರು ಆಸ್ಪತ್ರೆ ಅನ್ನುತ್ತಾರೆ. ಇವೆರಡರಲ್ಲಿ ಕನ್ನಡದ್ದು ಯಾವುದು, ಹೇಳಿ ನೋಡೋಣ.

ಬಳ್ಳಾರಿಯಿಂದ:
ಸ್ವಾಮಿ, ಪೇಂಟರ್ ಬಂದು ಕೂತಿದ್ದಾನೆ. 'ಮಿದುಳು, ನರಗಳಿಗೆ ಕೂರಿಸುವ ಬಗ್ಗುವ ಎಲೆಕ್ಟ್ರೋಡ್' ಎಂದು ಕೊಟ್ಟೆ. ಉಳಿದದ್ದೆಲ್ಲ ಸರಿ, ತಗಡಿನಲ್ಲಿ 'ಕ್ಟ್ರೋ' ಒತ್ತಿಗೆ ಕೆಳಗೆ ಜಾಗ ಸಾಲದು ಅಂತಿದ್ದಾನೆ.