ಸಹಾಯ ಬೇಕು: ಸ್ಕಾಟ್ಲೆಂಡ್‌ನಲ್ಲಿ ಕ್ಯಾನ್ಯನಿಂಗ್‌ಗೆ ಮೇ ಸರಿಯಾ, ಆಗಸ್ಟಾ?

ಎಲ್ಲರಿಗೂ ನಮಸ್ಕಾರ. ನಾನು ಮತ್ತು ತಂಗಿ ಸ್ಕಾಟ್ಲೆಂಡ್‌ನಲ್ಲಿ ಗೈಡ್ ಜೊತೆ ಕ್ಯಾನ್ಯನಿಂಗ್ (ಕಮರಿಯ ಹೊಳೆಯಲ್ಲಿ ಈಜುತ್ತ, ಹಾರುತ್ತ, ಹಗ್ಗ ಹಿಡಿದು ಕೆಳಗಿಳಿಯುವುದು) ಮಾಡಬೇಕು ಅಂತಿದ್ದೇವೆ. ಬ್ಲೇರ್ ಅಥಲ್ ಹತ್ತಿರದ ಬ್ರೂವರ್ ಕಮರಿ, ಇಲ್ಲವೇ ಫೋರ್ಟ್ ವಿಲಿಯಂ ಕಡೆಯ ಇಂಚ್ರೀ.

ಚಿಂತೆ ಇರುವುದು ಚಳಿಯದು. ತಂಗಿಗೆ ಈಜು ಬರುತ್ತದೆ, ಆದರೆ ಬೇಗ ನಡುಗುತ್ತಾಳೆ. ಹೋದ ತಿಂಗಳು ಹತ್ತು ನಿಮಿಷ ತಣ್ಣೀರಿಗೆ ಇಳಿದು ನೋಡಿದೆವು. ಮೇಲೆ ಬಂದಾಗ ಅವಳ ಬೆರಳ ತುದಿ ಬೆಳ್ಳಗಾಗಿತ್ತು, ಜಾಕೆಟ್ ಜಿಪ್ ಎಳೆಯೋಕೂ ಆಗಲಿಲ್ಲ. ಹಗ್ಗ ಹಿಡಿದು ಇಳಿಯುವಾಗ ಕೈ ಹೀಗಾದರೆ ಏನು ಗತಿ? 5 ಮಿ.ಮೀ. ದಪ್ಪದ ವೆಟ್‌ಸೂಟ್ (ತಣ್ಣೀರಿಗೆ ಹಾಕುವ ರಬ್ಬರಿನ ಬಿಗಿ ಉಡುಪು) ಕೊಡುತ್ತಾರಂತೆ. ಆದರೂ ಅದರೊಳಗೆ ನೀರು ಸೇರಿಯೇ ಸೇರುತ್ತದೆ, ಅದನ್ನು ನಮ್ಮ ಮೈಯೇ ಬಿಸಿ ಮಾಡಬೇಕು, ಅಲ್ವಾ.

ಇಬ್ಬರು ಗೈಡ್‌ಗಳನ್ನು ಕೇಳಿದೆ. ಒಬ್ಬರು ಮೇ ಅಂದರು, ಮಳೆ ಕಡಿಮೆ, ಸೆಳೆತವೂ ಕಡಿಮೆ. ಇನ್ನೊಬ್ಬರು ಆಗಸ್ಟ್ ಕೊನೆ ಅಂದರು, ನೀರು ಅಷ್ಟು ಕೊರೆಯುವುದಿಲ್ಲ. ಆದರೆ ಜೋರು ಮಳೆಯಾಗಿ ಹೊಳೆ ಏರಿದರೆ ಟ್ರಿಪ್ಪೇ ರದ್ದು. ಇಲ್ಲೇ ನಾನು ಸಿಕ್ಕಿಹಾಕಿಕೊಂಡಿರುವುದು.

ಹೋಗಿ ಬಂದವರು ದಯವಿಟ್ಟು ಹೇಳಿ: ಬೇಗ ಚಳಿ ಹತ್ತುವವರಿಗೆ ಯಾವ ತಿಂಗಳು, ಯಾವ ಕಮರಿ ಒಳ್ಳೆಯದು? ವೆಟ್‌ಸೂಟ್‌ನದೇ ರಬ್ಬರಾದ ನಿಯೋಪ್ರೀನ್‌ನ ಕೈಗವಸು ಹಾಕಿದರೆ ಹಗ್ಗದ ಹಿಡಿತ ಸರಿಯಾಗಿ ಸಿಗುತ್ತದಾ?