ಯುಎಸ್‌ಬಿ 3.0 ಹಾರ್ಡ್ ಡಿಸ್ಕ್‌ಗೆ 2.0ರ ವೇಗ ಮಾತ್ರ ಸಿಗುತ್ತಿರುವುದೇಕೆ?

ಪ್ರಶ್ನೆ:
ನಮ್ಮೂರಿನ ಯಕ್ಷಗಾನ ಪ್ರದರ್ಶನಗಳ ಸುಮಾರು 400 ಜಿಬಿ ವಿಡಿಯೊಗಳನ್ನು ಲ್ಯಾಪ್‌ಟಾಪ್‌ನಿಂದ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡುತ್ತಿದ್ದೇನೆ. ಡಿಸ್ಕ್ ಯುಎಸ್‌ಬಿ 3.0 ಮಾದರಿಯದು, ಲ್ಯಾಪ್‌ಟಾಪ್‌ನ ಪೋರ್ಟ್ ಕೂಡ 3.0ರ ಗುರುತಾದ ನೀಲಿ ಬಣ್ಣದ್ದು. ಆದರೂ ವೇಗ ಸೆಕೆಂಡಿಗೆ 35 ಎಂಬಿ ದಾಟುತ್ತಿಲ್ಲ. ಡಿಸ್ಕಿನೊಂದಿಗೆ ಬಂದ ಕೇಬಲ್ ಕಳೆದುಹೋದ ಕಾರಣ ಹಳೆಯ ಫೋನಿನ ಮೈಕ್ರೊ ಯುಎಸ್‌ಬಿ ಕೇಬಲ್ ಬಳಸುತ್ತಿದ್ದೇನೆ. ಅದು ಸರಿಯಾಗಿಯೇ ಕೂರುತ್ತದೆ. ದೋಷ ಡಿಸ್ಕಿನದೋ, ಪೋರ್ಟಿನದೋ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಎರಡರದೂ ಅಲ್ಲ ಸರ್, ಕಾರಣ ಆ ಕೇಬಲ್. ಡಿಸ್ಕಿನ ಪೋರ್ಟನ್ನು ಬೆಳಕಿಗೆ ಹಿಡಿದು ನೋಡಿ, ಅಕ್ಕಪಕ್ಕದಲ್ಲಿ ಎರಡು ಭಾಗಗಳು ಕಾಣುತ್ತವೆ. ನಿಮ್ಮ ಕೇಬಲ್ ದೊಡ್ಡ ಭಾಗದಲ್ಲಿ ಕೂತಿದೆ, ಚಿಕ್ಕದು ಖಾಲಿ ಉಳಿದಿದೆ. 2008ರಲ್ಲಿ 3.0 ರೂಪಿಸಿದಾಗ, ಹಳೆಯ ಸಾಧನಗಳು ಮೂಲೆಗುಂಪಾಗಬಾರದೆಂದು 2.0ರ ನಾಲ್ಕು ಸಂಪರ್ಕಗಳನ್ನು ಹಾಗೆಯೇ ಉಳಿಸಿಕೊಂಡು, ಹೊಸ ವೇಗಕ್ಕಾಗಿ ಇನ್ನೂ ಐದನ್ನು ಸೇರಿಸಿದರು. ಆ ಐದೂ ಇರುವುದು ಖಾಲಿ ಉಳಿದ ಭಾಗದಲ್ಲಿ. ಅವು ಸಿಗದಿದ್ದರೆ ಡಿಸ್ಕ್ ತಾನಾಗಿ 2.0ಕ್ಕೆ ಇಳಿದು ಕೆಲಸ ಮಾಡುತ್ತದೆ. 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್, ಎಂಟು ಬಿಟ್‌ಗೆ ಒಂದು ಬೈಟ್‌ನಂತೆ ಅಂದರೆ 60 ಎಂಬಿ (ಮೆಗಾಬೈಟ್). ಅದರಲ್ಲೂ ಒಂದು ಪಾಲು ವಿನಿಮಯದ ನಿರ್ವಹಣೆಗೇ ಹೋಗುವುದರಿಂದ 35 ಎಂಬಿ ಸಹಜವಾದ ವೇಗ. ಅಗಲ ಮೂತಿಯ 3.0 ಕೇಬಲ್ ತನ್ನಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೆ 3.0ರ ಮಿತಿ ಸೆಕೆಂಡಿಗೆ 5 ಗಿಗಾಬಿಟ್ ಎಂದು ಅಷ್ಟನ್ನೇ ನಿರೀಕ್ಷಿಸಬೇಡಿ. ತಟ್ಟೆ ತಿರುಗುವ ಡಿಸ್ಕ್‌ಗಳು ಸಾಮಾನ್ಯವಾಗಿ ನೂರು ಎಂಬಿಯ ಆಸುಪಾಸಿನಲ್ಲೇ ನಿಲ್ಲುತ್ತವೆ. ಇನ್ನೊಂದು ಮಾತು: ಲ್ಯಾಪ್‌ಟಾಪ್ ಕಡೆಯ ತುದಿಯನ್ನು ತೀರಾ ನಿಧಾನವಾಗಿ ತೂರಿಸಿದರೆ 2.0ರ ಸಂಪರ್ಕಗಳು ಮೊದಲು ತಗುಲಿ, ಡಿಸ್ಕ್ 2.0 ಎಂದೇ ಗುರುತಿಸಲ್ಪಡುವುದುಂಟು. ಹಾಗಾದರೆ ಸುರಕ್ಷಿತವಾಗಿ ಹೊರತೆಗೆದು, ಒಂದೇ ಸಲಕ್ಕೆ ಪೂರ್ತಿ ಒಳಹೋಗುವಂತೆ ಮತ್ತೆ ಹಾಕಿ. ಅಂಗಡಿಯಲ್ಲಿ 3.1 ಜೆನ್ 1 ಅಥವಾ 3.2 ಜೆನ್ 1 ಎಂಬ ಹೆಸರು ಕಂಡರೂ ಗೊಂದಲ ಬೇಡ, ಅವು ಇದೇ 5 ಗಿಗಾಬಿಟ್‌ನವು. ಹೆಸರನ್ನು ಹೀಗೆ ಪದೇ ಪದೇ ಬದಲಿಸಿದ್ದು ಕೊಳ್ಳುವವರಿಗೆ ಮಾಡಿದ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹೊಸ ಕೇಬಲ್ ಹಾಕಿದ ಮೇಲೆ ವೇಗ ಸೆಕೆಂಡಿಗೆ 110 ಎಂಬಿಗೆ ಏರಿದೆ. ಮೂರು ಗಂಟೆಗೂ ಹೆಚ್ಚು ಹಿಡಿಯಬೇಕಿದ್ದ ಕೆಲಸ ಸುಮಾರು ಒಂದು ಗಂಟೆಯಲ್ಲಿ ಮುಗಿಯಿತು.